ಕ್ಯಾಶುಯಾಲ್ಟಿಯಲ್ಲಿ ದನಿ ಏರಿದಾಗ ಏನು ಹೇಳಬೇಕು, ಏನು ಹೇಳಬಾರದು?

ರಾತ್ರಿಪಾಳಿ (ಚರ್ಚೆ ಶುರು ಮಾಡಿದವರು)

ತಾಲ್ಲೂಕು ಆಸ್ಪತ್ರೆಗೆ ಹೊಸದಾಗಿ ಸೇರುವ ಸ್ಟಾಫ್ ನರ್ಸ್‌ಗಳಿಗೆ ಒಂದು ಪುಟದ ಟಿಪ್ಪಣಿ ತಯಾರು ಮಾಡ್ತಿದ್ದೀವಿ. ಇಂಜೆಕ್ಷನ್, ಡ್ರಿಪ್ ವಿಷಯ ಅಲ್ಲ, ಮಾತಿನ ವಿಷಯ. ಸಂದರ್ಭ ಎಲ್ಲರಿಗೂ ಗೊತ್ತಿರೋದೇ. ರಾತ್ರಿ ಹನ್ನೊಂದು ಗಂಟೆ, ಒಬ್ಬರೇ ಡ್ಯೂಟಿ ಡಾಕ್ಟರ್, ಒಳಗೆ ಆಕ್ಸಿಡೆಂಟ್ ಕೇಸ್. ಹೊರಗೆ ಜ್ವರದ ಮಗು ಎತ್ಕೊಂಡು ನಿಂತವರು "ಅರ್ಧ ಗಂಟೆ ಆಯ್ತು, ಇಲ್ಲಿ ಯಾರೂ ನೋಡೋರೇ ಇಲ್ವಾ?" ಅಂತಾರೆ. ಸಿಬ್ಬಂದಿ ಬಾಯಿಗೆ ಮೊದಲು ಬರೋದು "ಸಮಾಧಾನ ಮಾಡ್ಕೊಳ್ರೀ, ಒಳಗೆ ಸೀರಿಯಸ್ ಕೇಸ್ ಇರೋದು ಕಾಣಲ್ವಾ?" ಅಲ್ಲಿಂದ ಮುಂದಕ್ಕೆ ಜಗಳ.

"ತಾಳ್ಮೆಯಿಂದಿರಿ, ನಗುಮುಖದಿಂದಿರಿ" ಅನ್ನೋ ಉಪದೇಶ ಬೇಡ. ಬಾಯಿಗೆ ಸಿಗುವಂಥ ವಾಕ್ಯ ಬೇಕು. ಎಲ್ಲಿ ನಿಲ್ಲಬೇಕು, ಯಾರ ಹತ್ರ ಮಾತಾಡಬೇಕು, ಯಾವಾಗ ಮಾತು ನಿಲ್ಲಿಸಿ ಜಾಗ ಖಾಲಿ ಮಾಡಬೇಕು, ಇದೆಲ್ಲ ಬೇಕು. ಗೊತ್ತಿರೋರು ಬರೀರಿ.

ತುರ್ತು_ವೈದ್ಯೆ

ನೀವು ಬರೆದ ಆ ಒಂದು ವಾಕ್ಯದಲ್ಲೇ ಎರಡು ತಪ್ಪಿದೆ. "ಸಮಾಧಾನ ಮಾಡ್ಕೊಳ್ರೀ" ಅಪ್ಪಣೆ. "ಕಾಣಲ್ವಾ" ದೂಷಣೆ. ಕಾಯ್ತಾ ನಿಂತವರಿಗೆ ಬೇಕಾಗಿದ್ದ ಮಾಹಿತಿ ಅದರಲ್ಲಿ ಒಂದೂ ಇಲ್ಲ.

ಕ್ಯಾಶುಯಾಲ್ಟಿಯಲ್ಲಿ ಸಿಟ್ಟು ಬರೋದು ಬಹುಪಾಲು ಕಾಯೋದರಿಂದ ಅಲ್ಲ, ಏನು ನಡೀತಿದೆ ಅಂತ ಗೊತ್ತಾಗದೆ ಕಾಯೋದರಿಂದ. ಹಾಗಾಗಿ ನಾಲ್ಕು ವಿಷಯ, ಇದೇ ಕ್ರಮದಲ್ಲಿ:

ಕಂಡದ್ದನ್ನು ಹೇಳಿ: "ನೀವು ಬಂದು ಅರ್ಧ ಗಂಟೆ ಆಗಿದೆ, ಮಗುಗೆ ಮೈ ಸುಡ್ತಿದೆ."
ಈಗ ಏನಾಗ್ತಿದೆ: "ಡಾಕ್ಟರ್ ಒಳಗೆ ರಕ್ತಸ್ರಾವ ನಿಲ್ಲಿಸ್ತಿದ್ದಾರೆ, ನಡುವೆ ಬರೋಕಾಗಲ್ಲ."
ನಾನು ಏನು ಮಾಡ್ತೀನಿ: "ನಾನೀಗ ಜ್ವರ ನೋಡಿ, ಬೆರಳಿಗೆ ಆಕ್ಸಿಜನ್ ಮೀಟರ್ ಹಾಕ್ತೀನಿ."
ಮುಂದೆ ಯಾವಾಗ: "ಹದಿನೈದು ನಿಮಿಷದಲ್ಲಿ ಮತ್ತೆ ಬಂದು ಹೇಳ್ತೀನಿ."

ಮೂರನೆಯದು ಮಾತಲ್ಲ, ಕೈಕೆಲಸ. ಮಗುವನ್ನು ಯಾರಾದರೂ ಮುಟ್ಟಿ ನೋಡಿದ ಕ್ಷಣ ಅರ್ಧ ಸಿಟ್ಟು ಇಳಿಯುತ್ತೆ. ವೈದ್ಯಕೀಯವಾಗಿಯೂ ಅದು ಬೇಕು. ಮಗು ಮಂಕಾಗಿದ್ದರೆ, ಹಾಲು ಕುಡೀತಿಲ್ಲ ಅಂದ್ರೆ, ಫಿಟ್ಸ್ ಬಂದಿದ್ದರೆ, ಪಕ್ಕೆ ಒಳಗೆ ಎಳೆಯುವ ಹಾಗೆ ಉಸಿರಾಡ್ತಿದ್ದರೆ ಅದು ಕಾಯುವ ಕೇಸೇ ಅಲ್ಲ, ಡಾಕ್ಟರನ್ನು ಹೊರಗೆ ಕರೀಬೇಕು. ದನಿ ಏರಿಸಿದವರು ಸರಿಯಾಗಿಯೇ ಹೇಳ್ತಿರಬಹುದು ಅನ್ನೋದನ್ನ ಮೊದಲು ಪರೀಕ್ಷೆ ಮಾಡಿ, ಆಮೇಲೆ ಸಮಾಧಾನ ಮಾಡಿ.

ಮಂಡ್ಯಮಾತು

ಹದಿನೈದು ನಿಮಿಷ ಅಂತ ಹೇಳ್ಬುಟ್ಟು ಒಂದು ಗಂಟೆ ಬರ್ದೇ ಇದ್ರೆ?

ತುರ್ತು_ವೈದ್ಯೆ

ಆಗ ಹೇಳದೇ ಇದ್ದಿದ್ದಕ್ಕಿಂತ ಕೆಟ್ಟದಾಗುತ್ತೆ. ಅದಕ್ಕೇ "ಡಾಕ್ಟರ್ ಹದಿನೈದು ನಿಮಿಷದಲ್ಲಿ ಬರ್ತಾರೆ" ಅನ್ನಬಾರದು, ಅದು ನಿಮ್ಮ ಕೈಯಲ್ಲಿಲ್ಲ. "ಹದಿನೈದು ನಿಮಿಷಕ್ಕೆ ನಾನು ಬಂದು ಹೇಳ್ತೀನಿ" ಅನ್ನಿ. ಹೊಸ ಸುದ್ದಿ ಇಲ್ಲದಿದ್ದರೂ ಹೋಗಿ "ಇನ್ನೂ ಒಳಗೇ ಇದ್ದಾರೆ, ಜ್ವರ ಇನ್ನೊಂದ್ಸಲ ನೋಡ್ತೀನಿ" ಅನ್ನಿ. ಮುಖ ತೋರಿಸೋದೇ ಅಲ್ಲಿ ಸುದ್ದಿ.

ಆಪ್ತಸಲಹೆ

ಮೇಲಿನ ನಾಲ್ಕು ಹಂತಕ್ಕೆ ಹತ್ತಿರದ್ದು ಮಾರ್ಷಲ್ ರೋಸೆನ್‌ಬರ್ಗ್ (1934–2015) ರೂಪಿಸಿದ ಅಹಿಂಸಾತ್ಮಕ ಸಂವಹನ ವಿಧಾನ: ಕಂಡದ್ದು, ಅನಿಸಿದ್ದು, ಅಗತ್ಯ, ಕೋರಿಕೆ. ಕಂಡದ್ದನ್ನೂ ತೀರ್ಪನ್ನೂ ಬೇರೆ ಮಾಡೋದು ಅದರ ಮೊದಲ ಪಾಠ. "ನೀವು ಗಲಾಟೆ ಮಾಡ್ತಿದ್ದೀರಿ" ತೀರ್ಪು. "ನಿಮ್ಮ ದನಿ ಪಕ್ಕದ ಬೆಡ್‌ಗೂ ಕೇಳಿಸ್ತಿದೆ" ಕಂಡದ್ದು. ಎರಡನೆಯದಕ್ಕೆ ಎದುರು ವಾದ ಹೂಡೋದು ಕಷ್ಟ.

ಕ್ಯಾಶುಯಾಲ್ಟಿಯಲ್ಲಿ ನಾಲ್ಕನ್ನೂ ಉದ್ದಕ್ಕೆ ಹೇಳೋಕೆ ಹೋಗಬೇಡಿ. ಎದೆ ಡವಗುಟ್ಟುತ್ತಿರುವ ಮನುಷ್ಯನಿಗೆ ಉದ್ದ ವಾಕ್ಯ ತಲೆಗೆ ಹೋಗಲ್ಲ. ಆರೇಳು ಪದದ ಒಂದು ವಾಕ್ಯ, ಆಮೇಲೆ ಮೌನ. ಅವರು ಉತ್ತರ ಕೊಡಲಿ. ನಾವು ಮೌನ ತುಂಬೋಕೆ ಹೋಗಿ ಮೂರು ವಾಕ್ಯ ಜಾಸ್ತಿ ಆಡ್ತೀವಿ, ಆ ಮೂರರಲ್ಲಿ ಒಂದು ದೂಷಣೆ ಆಗಿರುತ್ತೆ.

ಇನ್ನೊಂದು: ದೇಹದ ಉದ್ವೇಗ ಒಂದು ಸಲ ಏರಿದ ಮೇಲೆ ಇಳಿಯೋಕೆ ಕನಿಷ್ಠ 20 ನಿಮಿಷ ಬೇಕು ಅಂತ ದಂಪತಿಗಳ ಜಗಳದ ಬಗ್ಗೆ ಕೆಲಸ ಮಾಡಿದ ಜಾನ್ ಗಾಟ್‌ಮನ್ ಹೇಳ್ತಾರೆ. ಅಂದ್ರೆ ನೀವು ಚೆನ್ನಾಗಿ ಮಾತಾಡಿದ ಎರಡನೇ ನಿಮಿಷಕ್ಕೇ ಅವರು ಶಾಂತ ಆಗಬೇಕು ಅಂತ ನಿರೀಕ್ಷಿಸಬೇಡಿ. ಇನ್ನೂ ಗೊಣಗ್ತಿದ್ದಾರೆ ಅಂದ್ರೆ ನಿಮ್ಮ ಮಾತು ಸೋತಿದೆ ಅಂತಲ್ಲ.

ಹುಬ್ಬಳ್ಳಿಮಂದಿ

ಎಲ್ಲಾ ಖರೇ ಅದ, ಆದ್ರ ಒಂದು ಮಾತು. ನಮ್ಮ ಕಡೆ ಒಬ್ಬ ಪೇಷಂಟ್ ಹಿಂದ ಹದಿನೈದು ಮಂದಿ ಬರ್ತಾರ. ಯಾರ ಮುಂದ ಹೇಳೂದ್ರೀ ಈ ನಾಲ್ಕು ವಾಕ್ಯ? ಜೋರಾಗಿ ಒದರೋನ ಮುಂದ ಹೇಳಿದ್ರ ಅವಂಗ ಪೇಷಂಟ್ ಹೆಸರೂ ಪೂರಾ ಗೊತ್ತಿರೂದಿಲ್ಲ.

ರಾತ್ರಿಪಾಳಿ

ಇದು ಬಹಳ ಮುಖ್ಯ. ಇದಕ್ಕೆ ಉತ್ತರ ಬೇಕು.

ವಾರ್ಡ್_ಇನ್‌ಚಾರ್ಜ್

ಜೋರಾಗಿ ಕೂಗೋರು ಹೆಚ್ಚಾಗಿ ಆಮೇಲೆ ಬಂದವರು. ಮೊದಲಿಂದ ಜೊತೆಗಿದ್ದವರಿಗೆ ಏನಾಯ್ತು ಅಂತ ಗೊತ್ತಿರುತ್ತೆ, ಹೊಸಬರಿಗೆ ಗೊತ್ತಿರಲ್ಲ. ಫೋನಲ್ಲಿ ಅರ್ಧಂಬರ್ಧ ಕೇಳಿಸ್ಕೊಂಡು ಬಂದಿರ್ತಾರೆ.

ಪೇಷಂಟ್ ಬಂದ ತಕ್ಷಣ, ಗಲಾಟೆಗೂ ಮೊದಲೇ, ಕೇಳಿ: "ರೋಗಿಗೆ ನೀವು ಏನಾಗಬೇಕು? ನಿಮ್ಮಲ್ಲಿ ಒಬ್ಬರ ಹತ್ರ ನಾನು ಎಲ್ಲಾ ವಿಷಯ ಹೇಳ್ತಾ ಇರ್ತೀನಿ, ಯಾರ ಹತ್ರ ಹೇಳಲಿ?" ಅವರೇ ಆರಿಸಲಿ. ಹೆಸರು, ಸಂಬಂಧ, ಫೋನ್ ನಂಬರ್ ಕೇಸ್ ಶೀಟ್ ಮೇಲೆ ಬರೀರಿ. ಆಮೇಲೆ ಹೊಸಬರು ಬಂದು ಕೂಗಿದರೆ "ನಿಮ್ಮ ಅಣ್ಣನಿಗೆ ಹತ್ತೂವರೆಗೆ ಎಲ್ಲಾ ಹೇಳಿದ್ದೀನಿ, ಬನ್ನಿ ಅವರ ಜೊತೆಗೇ ಇನ್ನೊಂದ್ಸಲ ಹೇಳ್ತೀನಿ." "ಆಗ್ಲೇ ಹೇಳಿದ್ನಲ್ಲ" ಅಂತ ಮಾತ್ರ ಬೇಡ.

ಗುಂಪಿಗೆ ಕೆಲಸ ಹಂಚೋದು ಕೂಡ ಉಪಾಯವೇ. ಒಬ್ಬರು ಆಧಾರ್ ಮತ್ತು ರೇಷನ್ ಕಾರ್ಡ್ ತರಲಿ (ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕಕ್ಕೆ ಹೇಗೂ ಬೇಕು), ಒಬ್ಬರು ಹಳೇ ರಿಪೋರ್ಟ್, ದಿನಾ ತಗೊಳ್ಳೋ ಮಾತ್ರೆ ಚೀಟಿ ತರಲಿ, ಇನ್ನೊಬ್ಬರು ರಕ್ತ ಬೇಕಾದ್ರೆ ಗ್ರೂಪ್ ಹೊಂದುವವರನ್ನ ವಿಚಾರಿಸಲಿ. ಸುಮ್ಮನೆ ಓಡಾಡಿಸೋ ಸುಳ್ಳು ಕೆಲಸ ಕೊಡಬೇಡಿ, ಅದು ಗೊತ್ತಾದ ದಿನ ನಂಬಿಕೆ ಹೋಗುತ್ತೆ.

ಹುಬ್ಬಳ್ಳಿಮಂದಿ

ಇದು ಬರೋಬ್ಬರಿ. ಇನ್ನೊಂದು ಸೇರಸ್ತೀನಿ: ಹಿರಿಯಾರು ಯಾರರೆ ಇದ್ರ "ಕಾಕಾ, ನೀವು ಕೂಡ್ರಿ, ನಿಮ್ಮ ಮುಂದ ಹೇಳ್ತೀನಿ" ಅನ್ರೀ. ಹಿರಿಯಾರು ಕೂತ್ರ ಹುಡುಗ್ರು ತಾವಾಗೇ ದನಿ ಇಳಸ್ತಾರ. ನಿಂತವರ ಸಿಟ್ಟು ಲಗೂನ ಇಳಿಯೂದಿಲ್ಲ, ಹಂಗಾಗಿ ಕುರ್ಚಿ ಇರ್ಲೇಬೇಕು. ಮತ್ತ ಏಕವಚನ ಮಾತ್ರ ಬ್ಯಾಡ್ರೀ. ಕುಡದು ಬಂದಾನ, ಹರಕು ಅಂಗಿ ಹಾಕ್ಯಾನ ಅಂತ "ಏ, ಹೊರಗ ನಡಿ" ಅಂದ್ರ ಅಲ್ಲಿಗೆ ಮುಗೀತು.

ಕರಾವಳಿ108

"ಬೆಡ್ ಇಲ್ಲ" ಅನ್ನುವ ವಾಕ್ಯದ ಬಗ್ಗೆ ಯಾರೂ ಬರೆದಿಲ್ಲ ಅಲ್ವಾ? ರೆಫರಲ್ ಕೇಸ್‌ನಲ್ಲಿ ದೊಡ್ಡ ಜಗಳ ಆಗುವುದೇ ಅಲ್ಲಿ. ಆಂಬುಲೆನ್ಸ್‌ನಿಂದ ಸ್ಟ್ರೆಚರ್ ಇಳಿಸುವ ಮೊದಲೇ "ಬೆಡ್ ಇಲ್ಲ, ಬೇರೆ ಕಡೆ ಹೋಗಿ" ಅಂದ್ರೆ ಜನರಿಗೆ ಕೇಳಿಸುವುದು "ನಿಮ್ಮವರು ಸತ್ತರೆ ನಮಗೇನು" ಅಂತ.

ಮೊದಲು ಪೇಷಂಟನ್ನು ಒಳಗೆ ತಗೊಂಡು ಬಿಪಿ, ನಾಡಿ, ಆಕ್ಸಿಜನ್ ನೋಡಬೇಕು. ಪ್ರಥಮ ಚಿಕಿತ್ಸೆ ಕೊಡಲೇಬೇಕು, ಸುಪ್ರೀಂ ಕೋರ್ಟ್ ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲೇ ಹೇಳಿದೆ. ಆಮೇಲೆ ಮಾತು ಹೀಗೆ: "ಇವರಿಗೆ ವೆಂಟಿಲೇಟರ್ ಬೇಕಾಗಬಹುದು. ಇಲ್ಲಿರುವ ವೆಂಟಿಲೇಟರ್‌ಗಳಲ್ಲಿ ಬೇರೆ ರೋಗಿಗಳು ಇದ್ದಾರೆ. ಆಕ್ಸಿಜನ್ ಈಗಲೇ ಹಾಕಿದ್ದೇವೆ. ಜಿಲ್ಲಾಸ್ಪತ್ರೆಗೆ ಫೋನ್ ಮಾಡಿ ಮಾತಾಡಿದ್ದೇವೆ, ಅಲ್ಲಿ ಜಾಗ ಉಂಟು. 108 ಬರುವವರೆಗೆ ನಾವು ನೋಡಿಕೊಳ್ಳುತ್ತೇವೆ." ಏನು ಇಲ್ಲ, ಅದು ಎಲ್ಲಿ ಉಂಟು, ಯಾರ ಹತ್ತಿರ ಮಾತಾಡಿದ್ದೀರಿ, ಅಲ್ಲಿವರೆಗೆ ಏನು ಮಾಡುತ್ತೀರಿ. ಫೋನ್ ಮಾಡದೆ ಕಳಿಸಿದರೆ ಅಲ್ಲಿಯೂ ಅದೇ ವಾಕ್ಯ ಕೇಳುತ್ತಾರೆ, ಸಿಟ್ಟು ಅಲ್ಲಿ ಒಡೆಯುತ್ತದೆ.

ತುರ್ತು_ವೈದ್ಯೆ

ರೆಫರಲ್ ವಿಷಯ ಬಂತಲ್ಲ, ದೊಡ್ಡಾಸ್ಪತ್ರೆಯವರಿಗೆ ನನ್ನ ಗಟ್ಟಿ ಮನವಿ ಒಂದಿದೆ. ಪೇಷಂಟ್ ಬಂದ ಕೂಡಲೇ ಚೀಟಿ ಓದಿ "ಯಾರ್ರೀ ಇದನ್ನ ಕೊಟ್ಟಿದ್ದು? ಎರಡು ಗಂಟೆ ಮೊದಲೇ ಕಳಿಸಬೇಕಿತ್ತು" ಅಂತ ಮನೆಯವರ ಎದುರು ಹೇಳಬೇಡಿ. ಆ ಒಂದು ಮಾತು ಹಿಡ್ಕೊಂಡು ಊರವರು ತಾಲ್ಲೂಕು ಆಸ್ಪತ್ರೆಗೆ ವಾಪಸ್ ಹೋಗ್ತಾರೆ. ಅಲ್ಲಿ ಯಾವ ಪರಿಸ್ಥಿತಿಯಲ್ಲಿ, ಯಾವ ಸೌಲಭ್ಯದಲ್ಲಿ ಚಿಕಿತ್ಸೆ ಆಯ್ತು ಅಂತ ನಿಮಗೆ ಗೊತ್ತಿರಲ್ಲ. ಲೋಪ ಇದ್ದರೆ ಆ ವೈದ್ಯರಿಗೇ ಫೋನ್ ಮಾಡಿ, ಇಲ್ಲಾ ಮೇಲಿನವರಿಗೆ ಬರೆದು ಕೊಡಿ.

ಒಂದೇ ಆಸ್ಪತ್ರೆ ಒಳಗೂ ಅಷ್ಟೇ. "ಹಿಂದಿನ ಶಿಫ್ಟ್‌ನವರು ಸ್ಯಾಂಪಲ್ ಕಳಿಸೇ ಇಲ್ಲ" ಅನ್ನೋ ಬದಲು "ರಕ್ತದ ಸ್ಯಾಂಪಲ್ ಇನ್ನೂ ಲ್ಯಾಬಿಗೆ ಹೋಗಿಲ್ಲ. ಈಗ ತಗೊಂಡು ನಾನೇ ಕಳಿಸ್ತೀನಿ, ರಿಪೋರ್ಟ್‌ಗೆ ಒಂದು ಗಂಟೆ ಬೇಕು." ವಿಷಯ ಮುಚ್ಚಿಡಲಿಲ್ಲ, ಯಾರನ್ನೂ ಕಟಕಟೆಗೆ ನಿಲ್ಲಿಸಲೂ ಇಲ್ಲ.

ಮಂಡ್ಯಮಾತು

ಅಲ್ಲಾ ಕಣ್ರೀ, ಮನೆಯವರನ್ನೇ ಬೈಯೋರ ಕಥೆ ಏನು? "ಇಷ್ಟೊತ್ತು ಏನ್ ಮಾಡ್ತಿದ್ರಿ, ಈಗ ತಂದಿದ್ದೀರಲ್ಲ" ಅಂತ ಮೊದಲ ಮಾತಿಗೇ ಅಂತಾರೆ. ಅಪ್ಪನಿಗೆ ಎದೆನೋವು ಬಂದು ಮಗ ಮೊದಲೇ ಸಾಯ್ತಾ ಇರ್ತಾನೆ, ಅವನ ತಲೆ ಮೇಲೆ ಇನ್ನೊಂದು ಕಲ್ಲು.

ಹಾವುಕಡಿತ_ಎಂಒ

ಮಂಡ್ಯದವರು ಹೇಳಿದ್ದು ಸರಿ. ಆ ವಾಕ್ಯದಿಂದ ಚಿಕಿತ್ಸೆಗೂ ನಷ್ಟ ಇದೆ. ಬೈಸ್ಕೊಂಡವರು ನಿಜ ಹೇಳಲ್ಲ.

ಹಾವು ಕಡಿತದ ಕೇಸನ್ನೇ ತಗೊಳ್ಳಿ. "ನಾಟಿ ಔಷಧಿ ಯಾಕೆ ಕೊಡಿಸಿದ್ರಿ?" ಅಂದ್ರೆ "ಏನೂ ಕೊಡಿಸಿಲ್ಲ" ಅಂತಾರೆ. ಸೊಪ್ಪಿನ ರಸ ಕುಡಿಸಿರ್ತಾರೆ, ಗಾಯ ಕೊಯ್ದಿರ್ತಾರೆ, ಬಿಗಿಯಾಗಿ ಕಟ್ಟಿ ಬಿಚ್ಚಿರ್ತಾರೆ, ನಮಗೆ ಅದು ಗೊತ್ತಾಗಲೇಬೇಕು. ಕೇಳೋ ರೀತಿ: "ಕಡಿದಾಗ ಎಷ್ಟು ಗಂಟೆ? ಇಲ್ಲಿಗೆ ಬರೋ ಮೊದಲು ಏನೇನು ಮಾಡಿದ್ರಿ, ಕುಡಿಸಿದ್ರಿ, ಎಲ್ಲಾ ಹೇಳಿ. ಅದರ ಮೇಲೆ ನಾವು ಔಷಧಿ ನಿರ್ಧಾರ ಮಾಡ್ತೀವಿ." ಪ್ರಶ್ನೆಯಲ್ಲಿ "ಯಾಕೆ" ಇರಬಾರದು. ಏನು, ಯಾವಾಗ, ಎಷ್ಟು, ಇಷ್ಟೇ.

ಇನ್ನೊಂದು ಗಲಾಟೆ ಮಾಮೂಲಿ: "ಹುಡುಗನ್ನ ಮಲಗಿಸಿ ಸುಮ್ನೆ ನೋಡ್ತಾ ಕೂತಿದ್ದಾರೆ, ಇಂಜೆಕ್ಷನ್ ಕೊಡ್ತಿಲ್ಲ." ಅಲ್ಲಿ ನಡೀತಿರೋದು 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ. ಸುಮಾರು 2 ಮಿ.ಲೀ. ರಕ್ತವನ್ನ ಒಣಗಿದ ಗಾಜಿನ ಟ್ಯೂಬಲ್ಲಿ ಅಲ್ಲಾಡಿಸದೆ ಇಟ್ಟು 20 ನಿಮಿಷದ ನಂತರ ಒಂದೇ ಸಲ ಓರೆ ಮಾಡಿ ನೋಡ್ತಾರೆ. ನೀರಿನ ಹಾಗೆ ಹರಿದರೆ ಕೊಳಕುಮಂಡಲದ ಜಾತಿಯ ಹಾವಿನ ವಿಷ ಏರಿದೆ ಅಂತ. ಮನೆಯವರಿಗೆ ಕಾಣೋದು ಏನು? ಸಿಸ್ಟರ್ ರಕ್ತ ತೆಗೆದು ಮೂಲೆಯಲ್ಲಿಟ್ಟು ಹೋದರು, ಅಷ್ಟೇ.

ಟ್ಯೂಬ್ ಅವರಿಗೆ ತೋರಿಸಿ: "ಇದು ನಿಮ್ಮ ಹುಡುಗನ ರಕ್ತ. ಹತ್ತು ಇಪ್ಪತ್ತಕ್ಕೆ ಇಟ್ಟಿದ್ದೀನಿ, ಹತ್ತು ನಲವತ್ತಕ್ಕೆ ಓರೆ ಮಾಡ್ತೀನಿ. ಗಟ್ಟಿಯಾಗಿಲ್ಲ ಅಂದ್ರೆ ಆಗಲೇ ಔಷಧಿ ಶುರು. ಕಡಿದ ಹಾವೆಲ್ಲ ವಿಷ ಬಿಟ್ಟಿರಲ್ಲ. ಔಷಧಿಯಿಂದ ಅಲರ್ಜಿ ಆಗಿ ಬಿಪಿ ಬೀಳಬಹುದು, ಅದಕ್ಕೇ ನೋಡಿ ಕೊಡ್ತೀವಿ. ಅಷ್ಟರಲ್ಲಿ ರೆಪ್ಪೆ ಬೀಳೋದು, ಮಾತು ತೊದಲೋದು, ಉಸಿರು ಕಟ್ಟೋದು ಕಂಡರೆ ತಕ್ಷಣ ಕೂಗಿ, ಆಗ ಪರೀಕ್ಷೆಗೆ ಕಾಯಲ್ಲ." ಕೊನೇ ವಾಕ್ಯದಿಂದ ಮನೆಯವರು ಕಾವಲುಗಾರರಾಗ್ತಾರೆ. ದೂರಲು ನಿಂತಿದ್ದವರಿಗೆ ಒಂದು ನಿಜವಾದ ಜವಾಬ್ದಾರಿ ಸಿಕ್ಕಿತು.

ಲ್ಯಾಬ್‌ಟೆಕ್

ಸಣ್ಣ ಸೇರ್ಪಡೆ. ಗಾಜಿನ ಟ್ಯೂಬೇ ಆಗಬೇಕು, ಪ್ಲಾಸ್ಟಿಕ್ ನಡೆಯಲ್ಲ. ಸೋಪಿನ ಪುಡಿಯಲ್ಲಿ ತೊಳೆದ ಟ್ಯೂಬೂ ಬೇಡ, ವಿಷ ಇಲ್ಲದಿದ್ದರೂ ರಕ್ತ ಗಟ್ಟಿಯಾಗದೆ ತಪ್ಪು ಫಲಿತಾಂಶ ಬರುತ್ತೆ.

ಹಾವುಕಡಿತ_ಎಂಒ

ಹೌದು. ಮೊದಲ ಸಲ ಗಟ್ಟಿಯಾದರೂ ಪರೀಕ್ಷೆ ಮತ್ತೆ ಮತ್ತೆ ಮಾಡಿ 24 ಗಂಟೆ ಇಟ್ಕೊಳ್ತಾರೆ, ಅದನ್ನೂ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ "ಚೆನ್ನಾಗಿದ್ದಾನೆ ಅಂದ್ರಲ್ಲ, ಮನೆಗೆ ಯಾಕೆ ಕಳಿಸಲ್ಲ" ಅಂತ ಇನ್ನೊಂದು ಸುತ್ತು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತ ಅಧಿಸೂಚಿತ ರೋಗ, ವಿವರ ಸರ್ಕಾರಕ್ಕೆ ವರದಿ ಮಾಡಲೇಬೇಕು. ಫಾರಂ ತುಂಬುವಾಗ "ಇಷ್ಟೊಂದು ಪ್ರಶ್ನೆ ಈಗ ಯಾಕೆ" ಅಂತ ರೇಗ್ತಾರೆ. ಮೊದಲು ಔಷಧಿ, ಆಮೇಲೆ ಫಾರಂ.

ಹೃದಯತುಡಿತ

ಎದೆನೋವಿಗೂ ಇದೇ ಸಮಸ್ಯೆ. ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು, ಆಗುತ್ತೆ. ಇಸಿಜಿ ನಾರ್ಮಲ್ ಬಂದರೂ ಟ್ರೊಪೊನಿನ್ (ಹೃದಯದ ಸ್ನಾಯುವಿನ ಪ್ರೋಟೀನ್) ಕೆಲವು ಗಂಟೆ ಬಿಟ್ಟು ಮತ್ತೆ ನೋಡಬೇಕು, ಹೃದಯದ ಸ್ನಾಯುಗೆ ಏಟು ಬಿದ್ದರೆ ಅದು ರಕ್ತದಲ್ಲಿ ಕಾಣಿಸೋಕೆ ಹೊತ್ತು ಹಿಡಿಯುತ್ತೆ. ಖಾಸಗಿ ಆಸ್ಪತ್ರೆಯಲ್ಲಿ ಇದನ್ನ ಹೇಳದೇ ಇದ್ದರೆ ಮನೆಯವರಿಗೆ ಅನಿಸೋದು ಬಿಲ್ ಏರಿಸೋಕೆ ಇಟ್ಕೊಂಡಿದ್ದಾರೆ ಅಂತ. "ಮೊದಲ ಇಸಿಜಿ ಪಟ್ಟಿ ಚೆನ್ನಾಗಿದೆ, ಅದರಿಂದ ಹಾರ್ಟ್ ಅಟ್ಯಾಕ್ ಇಲ್ಲವೇ ಇಲ್ಲ ಅಂತ ಹೇಳೋಕಾಗಲ್ಲ, ಎರಡನೇ ರಕ್ತ ಪರೀಕ್ಷೆ ಎರಡು ಗಂಟೆಗೆ" ಅಂತ ಗಡಿಯಾರದ ಸಮಯ ಕೊಟ್ಟು ಹೇಳಿ.

ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆ (2023) ಇರುವ ಆಸ್ಪತ್ರೆಗಳಲ್ಲಿ ಇಸಿಜಿಯನ್ನು ಹಬ್ (ಕೇಂದ್ರ) ಆಸ್ಪತ್ರೆಯ ತಜ್ಞರಿಗೆ ಕಳಿಸಿ ಅಭಿಪ್ರಾಯ ತಗೊಳ್ತಾರೆ. ಡಾಕ್ಟರ್ ಮೊಬೈಲ್ ಹಿಡ್ಕೊಂಡು ನಿಂತಿದ್ದು ನೋಡಿ "ಇಲ್ಲಿ ಜೀವ ಹೋಗ್ತಿದೆ, ಇವರು ವಾಟ್ಸ್ಆ್ಯಪ್ ನೋಡ್ತಿದ್ದಾರೆ" ಅಂತ ಶುರುವಾಗುತ್ತೆ. ಫೋನ್ ಕೈಗೆ ತಗೊಳ್ಳೋ ಮೊದಲು ಒಂದೇ ವಾಕ್ಯ: "ನಿಮ್ಮವರ ಇಸಿಜಿ ಹೃದಯ ತಜ್ಞರಿಗೆ ಕಳಿಸ್ತಿದ್ದೀನಿ." ಜೋರಾಗಿ, ಕೇಳಿಸೋ ಹಾಗೆ.

ಬೆಡ್ನಂಬರ್9

ಎಲ್ಲರೂ ಆಸ್ಪತ್ರೆಯವರ ಕಡೆಯಿಂದಲೇ ಬರೀತಿದ್ದೀರಿ. ಸಿಬ್ಬಂದಿಯೇ ಒರಟಾಗಿದ್ದರೆ ರೋಗಿಯ ಜೊತೆಗಿರುವ ಅಟೆಂಡರ್ ಏನು ಮಾಡಬೇಕು? ಕೂಗದೇ ಇದ್ದರೆ ಯಾರೂ ತಿರುಗಿ ನೋಡಲ್ಲ ಅನ್ನೋದು ಜನರ ಅನುಭವ. ಅದನ್ನೂ ಒಪ್ಕೊಳ್ಳಿ.

ವಾರ್ಡ್_ಇನ್‌ಚಾರ್ಜ್

ಒಪ್ಕೊಳ್ತೀನಿ. ಕೂಗಿದವರಿಗೆ ಮೊದಲು ಗಮನ ಕೊಟ್ಟರೆ ಉಳಿದವರಿಗೂ ಕೂಗೋಕೆ ನಾವೇ ಕಲಿಸಿದ ಹಾಗೆ. ಸುಮ್ಮನೆ ಕೂತವರ ಹತ್ರ ಮೊದಲು ಹೋಗಬೇಕು.

ಅಟೆಂಡರ್‌ಗಳಿಗೆ ಹೇಳೋದಾದರೆ: "ಯಾರೂ ನೋಡ್ತಿಲ್ಲ" ಅಂದ್ರೆ ನರ್ಸ್‌ಗೆ ಅದು ದೂರು, ಸಮರ್ಥನೆಗೆ ಇಳೀತಾರೆ. "ಸಿಸ್ಟರ್, 9ನೇ ಬೆಡ್. ನಮ್ಮ ತಂದೆಯವರ ಉಸಿರಾಟ ಬಂದಾಗ ಇದ್ದದ್ದಕ್ಕಿಂತ ಜೋರಾಗಿದೆ, ತುಟಿ ನೀಲಿ ಆಗ್ತಿದೆ, ಈಗ ಬಂದು ನೋಡಿ" ಅಂದ್ರೆ ಅದು ಮಾಹಿತಿ. ಯಾವ ಬೆಡ್, ಏನು ಬದಲಾಯ್ತು, ಯಾವಾಗಿಂದ, ಏನು ಬೇಕು. ಬದಲಾವಣೆ ಅನ್ನೋದು ನಮ್ಮನ್ನ ಓಡಿಸುವ ಪದ. "ಹೊಟ್ಟೆನೋವು" ಅಂದರೆ ಕಾಯಿಸ್ತಾರೆ, "ಮೊದಲು ಹೊರಳಾಡ್ತಿದ್ದರು, ಈಗ ಅಲ್ಲಾಡದೆ ಮಲಗಿದ್ದಾರೆ, ಹೊಟ್ಟೆ ಕಲ್ಲಿನ ಹಾಗಿದೆ" ಅಂದರೆ ಓಡಿ ಬರ್ತಾರೆ.

ಉತ್ತರ ಬರದಿದ್ದರೆ ಡ್ಯೂಟಿ ಡಾಕ್ಟರ್, ಆಮೇಲೆ ನರ್ಸಿಂಗ್ ಸೂಪರಿಂಟೆಂಡೆಂಟ್ ಅಥವಾ ಆರ್‌ಎಂಒ (ರೆಸಿಡೆಂಟ್ ಮೆಡಿಕಲ್ ಆಫೀಸರ್). ಸಮಯ ಬರೆದಿಟ್ಕೊಳ್ಳಿ.

ಬೆಡ್ನಂಬರ್9

ಇದು ಉಪಯೋಗಕ್ಕೆ ಬರುತ್ತೆ. ಇದನ್ನ ಕಾಯುವ ಜಾಗದ ಗೋಡೆ ಮೇಲೂ ಬರೆಸಿ.

ಕಾನೂನು_ಕೈಗನ್ನಡಿ

ಗೋಡೆ ಮೇಲೆ ಈಗ ಇರೋದು ಒಂದೇ ಬೋರ್ಡು: "ಹಲ್ಲೆ ಶಿಕ್ಷಾರ್ಹ ಅಪರಾಧ." ಕರ್ನಾಟಕದಲ್ಲಿ ಇದಕ್ಕೆ 2009ರ ಪ್ರತ್ಯೇಕ ಕಾಯ್ದೆ ಇದೆ, ಜಾಮೀನುರಹಿತ ಅಪರಾಧ. ಹಾನಿ ಮಾಡಿದ ಆಸ್ತಿಗೆ ಎರಡು ಪಟ್ಟು ಪರಿಹಾರ ಕಟ್ಟಿಸುವ ಅವಕಾಶವೂ ಇದೆ. ಬೋರ್ಡ್ ಇರಲಿ, ಆದರೆ ಮಾತಿನ ಮಧ್ಯೆ "ಕೇಸ್ ಹಾಕಿಸ್ತೀನಿ, ನಾನ್‌ಬೇಲೆಬಲ್" ಅಂತ ಎಸೆಯಬೇಡಿ. ಬೆದರಿಕೆಗೆ ಬೆದರಿಕೆ ಬರುತ್ತೆ.

ಗೇಟ್‌ಪಾಸ್

ಇಷ್ಟೆಲ್ಲಾ ಸಿಹಿ ಮಾತಿಂದ ಏನೂ ಆಗಲ್ಲ ಅಂತ ನನ್ನ ವಾದ. ಒಬ್ಬ ಡಾಕ್ಟರ್, ಇಬ್ಬರು ನರ್ಸ್ ಇಟ್ಟು "ಚೆನ್ನಾಗಿ ಮಾತಾಡಿ" ಅಂದ್ರೆ ಹೇಗೆ? ಮೊದಲು ಹುದ್ದೆ ತುಂಬಲಿ, ಬಾಗಿಲಲ್ಲಿ ಸೆಕ್ಯುರಿಟಿ ಹಾಕಲಿ.

ಆಪ್ತಸಲಹೆ

ಹುದ್ದೆ ತುಂಬಬೇಕು ಅನ್ನೋದರಲ್ಲಿ ಎರಡು ಮಾತಿಲ್ಲ, ಇದೇ ಟಿಪ್ಪಣಿಯ ತಲೆಬರಹದಲ್ಲೇ ಬರೀಬಹುದು. ಆದರೆ ಇವತ್ತು ರಾತ್ರಿ ಡ್ಯೂಟಿಗೆ ಹೋಗುವ ಹುಡುಗಿಗೆ ಹುದ್ದೆ ಭರ್ತಿ ಆಗೋವರೆಗೆ ಕಾಯೋಕಾಗಲ್ಲ. ಅವಳ ಕೈಗೆ ಈಗಲೇ ಏನಾದರೂ ಕೊಡಬೇಕು.

ಮತ್ತೆ ಇದು ಸಿಹಿ ಮಾತಲ್ಲ. ದೂಷಿಸದೆ ಮಾತಾಡೋದು ಅಂದ್ರೆ ಎಲ್ಲದಕ್ಕೂ ಹೂಂ ಅನ್ನೋದಲ್ಲ. ಗಡಿ ಹಾಕೋದೂ ಅದರ ಭಾಗವೇ: "ನೀವು ಜೋರಾಗಿ ಕೇಳಿದ್ರೂ ನಾನು ಉತ್ತರ ಕೊಡ್ತೀನಿ. ಟೇಬಲ್ ಗುದ್ದಿದ್ರೆ ಇಲ್ಲಿ ನಿಲ್ಲಲ್ಲ, ಸೆಕ್ಯುರಿಟಿ ಬರ್ತಾರೆ. ಕೂತು ಮಾತಾಡೋಣವಾ, ಇಲ್ಲಾ ಹತ್ತು ನಿಮಿಷ ಬಿಟ್ಟು ಬರಲಾ?" ಮಾಡಬಾರದ್ದು ಯಾವುದು, ಮಾಡಿದರೆ ಏನಾಗುತ್ತೆ, ಎರಡು ಆಯ್ಕೆ. ಒಂದೇ ಸಲ ಹೇಳಿ. ಹೇಳಿದ್ದನ್ನ ಮಾಡಿ. ಮೂರು ಸಲ ಹೇಳಿ ಏನೂ ಮಾಡದೇ ಇದ್ದರೆ ಗಡಿಯೇ ಇಲ್ಲ ಅಂತ ಅರ್ಥ.

ಗೇಟ್‌ಪಾಸ್

ಗಡಿ ವಿಷಯ ಒಪ್ಪಿದೆ. ಹಾಗಿದ್ದರೆ ನಿಲ್ಲುವ ರೀತಿಯನ್ನೂ ಸೇರಿಸಿ, ಸೆಕ್ಯುರಿಟಿ ತರಬೇತಿಯಲ್ಲಿ ಹೇಳಿಕೊಡೋದು ಇದು:

ಎರಡು ಕೈ ಅಳತೆ ದೂರ. ಎದುರಾಎದುರು ಬೇಡ, ಸ್ವಲ್ಪ ಓರೆಯಾಗಿ ನಿಲ್ಲಿ. ಕೈ ಕಾಣುವ ಹಾಗೆ ಹೊಟ್ಟೆ ಮಟ್ಟದಲ್ಲಿರಲಿ, ಕಟ್ಟಬೇಡಿ, ಜೇಬಿಗೆ ಹಾಕಬೇಡಿ, ಬೆರಳು ತೋರಿಸಬೇಡಿ. ಬಾಗಿಲಿಗೆ ನೀವು ಹತ್ತಿರ ಇರಬೇಕು, ಆದರೆ ಅವರ ದಾರಿಗೆ ಅಡ್ಡ ಅಲ್ಲ. ಸಿಕ್ಕಿಬಿದ್ದೆ ಅನಿಸಿದವನು ಹೊಡೀತಾನೆ. ಕೊರಳಿನ ಸ್ಟೆತಸ್ಕೋಪ್ ತೆಗೆದು ಜೇಬಿಗೆ ಹಾಕಿ, ಹಿಡಿದು ಎಳೀಬಹುದು. ಮೇಜಿನ ಮೇಲೆ ಕತ್ತರಿ, ಗ್ಲಾಸ್ ಬಾಟಲಿ, ಡ್ರಿಪ್ ಸ್ಟ್ಯಾಂಡ್ ಕೈಗೆ ಸಿಗೋ ಹಾಗೆ ಇರಬಾರದು.

ಭುಜ ಮುಟ್ಟಿ ಸಮಾಧಾನ ಮಾಡೋದು ಅಳುತ್ತಿರುವವರಿಗೆ ಸರಿ. ಸಿಟ್ಟಲ್ಲಿರೋರಿಗೆ ಬೇಡ.

ಮಾತು ನಿಲ್ಲಿಸಿ ಹೊರಡೋ ಸೂಚನೆ: ಕೂಗುತ್ತಿದ್ದವನು ಇದ್ದಕ್ಕಿದ್ದ ಹಾಗೆ ಸುಮ್ಮನಾಗಿ ಒಬ್ಬರನ್ನೇ ದಿಟ್ಟಿಸೋದು, ವಾಚು ಬಿಚ್ಚೋದು, ತೋಳು ಮಡಚೋದು, ಮುಷ್ಟಿ ಬಿಗಿಯೋದು, ಹೊರಗಿನ ಹುಡುಗರಿಗೆ ಫೋನ್ ಮಾಡಿ "ಬನ್ರೋ" ಅನ್ನೋದು. ಆಗ ವಾಕ್ಯ ಹುಡುಕ್ತಾ ನಿಲ್ಲಬೇಡಿ. "ಮೇಲಿನವರನ್ನ ಕರ್ಕೊಂಡು ಬರ್ತೀನಿ" ಅಂತ ಹಿಂದೆ ಸರೀರಿ, 112ಕ್ಕೆ ಫೋನ್ ಮಾಡಿ.

ತುರ್ತು_ವೈದ್ಯೆ

ಚೆನ್ನಾಗಿ ಬರೆದಿದ್ದೀರಿ. ಇದಕ್ಕೆ ವೈದ್ಯಕೀಯ ಎಚ್ಚರಿಕೆ ಒಂದು: ಗಲಾಟೆ ಮಾಡ್ತಿರೋದು ರೋಗಿಯೇ ಆಗಿದ್ದರೆ ಅದನ್ನ ನಡತೆ ಅಂತ ನೋಡಬೇಡಿ, ಲಕ್ಷಣ ಅಂತ ನೋಡಿ. ಗ್ಲುಕೋಮೀಟರ್ ಮೊದಲು. ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಬೈಯೋದು, ಒದೆಯೋದು ಎಲ್ಲಾ ಮಾಡ್ತಾರೆ, ಗ್ಲುಕೋಸ್ ಹೋದ ಕೆಲವೇ ನಿಮಿಷಕ್ಕೆ ಬೇರೆ ಮನುಷ್ಯರಾಗ್ತಾರೆ. ಆಕ್ಸಿಜನ್ ಕಡಿಮೆಯಾದರೂ, ತಲೆಗೆ ಪೆಟ್ಟಾದರೂ ಹಾಗೇ. "ಕುಡಿದಿದ್ದಾನೆ, ಬಿಡಿ" ಅಂತ ಮೂಲೆಗೆ ಹಾಕಿದ ರೋಗಿಗೆ ಮಿದುಳಲ್ಲಿ ರಕ್ತ ಕಟ್ಟಿರಬಹುದು, ವಾಸನೆ ಬಂದ ಮಾತ್ರಕ್ಕೆ ತೀರ್ಮಾನಿಸಬೇಡಿ. ದಿನಾ ಕುಡಿಯೋರು ಅಡ್ಮಿಟ್ ಆಗಿ ಎರಡು ಮೂರನೇ ದಿನಕ್ಕೆ ಗಾಬರಿ, ನಡುಕ, ಇಲ್ಲದ್ದು ಕಾಣೋದು ಶುರುವಾದರೆ ಅದು ಮದ್ಯ ನಿಂತದ್ದರಿಂದ ಆಗುವ ಸನ್ನಿ. ಅದಕ್ಕೆ ಬೇಕಾದ್ದು ಔಷಧಿ, ಉಪದೇಶ ಅಲ್ಲ.

ಮಂಡ್ಯಮಾತು

ವಿಡಿಯೋ ಮಾಡೋರಿಗೆ ಏನ್ ಹೇಳ್ಬೇಕು? ಈಗ ಎಲ್ಲಾ ಮೊದಲು ಫೋನ್ ಎತ್ತೋದೇ.

ವಾರ್ಡ್_ಇನ್‌ಚಾರ್ಜ್

ಕೈ ಹಾಕಬೇಡಿ, "ಬಂದ್ ಮಾಡ್ರೀ" ಅನ್ನಬೇಡಿ. "ಪಕ್ಕದ ಬೆಡ್‌ನ ಹೆಣ್ಣುಮಗಳು ನಿಮ್ಮ ವಿಡಿಯೋದಲ್ಲಿ ಬರ್ತಿದ್ದಾರೆ. ಕಾರಿಡಾರ್‌ಗೆ ಬನ್ನಿ, ನೀವು ಕೇಳಿದ್ದಕ್ಕೆ ಅಲ್ಲಿ ಉತ್ತರ ಹೇಳ್ತೀನಿ." ಬಹಳ ಜನ ಬರ್ತಾರೆ. ಅಲ್ಲೂ ರೆಕಾರ್ಡ್ ಮಾಡಿದರೆ ಮಾಡಲಿ, ನೀವು ಆಡುವ ಮಾತು ಸರಿಯಾಗಿದ್ದರೆ ಅದೇ ನಿಮಗೆ ಸಾಕ್ಷಿ.

ರಾತ್ರಿಪಾಳಿ

"ಸಾರಿ" ಕೇಳಬಹುದಾ? ಕೆಲವು ಹಿರಿಯರು, ಕ್ಷಮೆ ಕೇಳಿದರೆ ತಪ್ಪು ಒಪ್ಪಿಕೊಂಡ ಹಾಗೆ, ಕೋರ್ಟಲ್ಲಿ ಸಿಕ್ಕಿಹಾಕ್ಕೋತೀರಿ ಅಂತಾರೆ.

ಕಾನೂನು_ಕೈಗನ್ನಡಿ

ಯಾವುದಕ್ಕೆ ಕ್ಷಮೆ ಅನ್ನೋದನ್ನ ಬಿಡಿಸಿ ಹೇಳಿದರೆ ಭಯ ಇಲ್ಲ. "ಒಂದು ಗಂಟೆ ಕಾಯಿಸಿದ್ದೀವಿ, ಅದಕ್ಕೆ ಕ್ಷಮಿಸಿ" ಅನ್ನೋದು ನಡೆದ ಸಂಗತಿ. ಇಂಜೆಕ್ಷನ್‌ನಿಂದ ಏನಾಯ್ತು ಅಂತ ಗೊತ್ತಾಗೋ ಮೊದಲೇ "ನಮ್ಮ ತಪ್ಪಿನಿಂದ ಹೀಗಾಯ್ತು" ಅನ್ನೋದು ತನಿಖೆಗೆ ಮೊದಲೇ ಕೊಟ್ಟ ತೀರ್ಪು, ಅದನ್ನ ಯಾರ ಮೇಲೂ ಹೊರಿಸಬಾರದು, ತನ್ನ ಮೇಲೂ. "ಏನಾಯ್ತು ಅಂತ ನೋಡ್ತಿದ್ದೀವಿ, ಗೊತ್ತಾದದ್ದನ್ನ ನಿಮ್ಮಿಂದ ಮುಚ್ಚಿಡಲ್ಲ" ಅನ್ನಿ. ಮುಚ್ಚಿಡಬೇಡಿ ಕೂಡ.

ಯಾರಿಗೆ, ಎಷ್ಟು ಗಂಟೆಗೆ, ಏನು ಹೇಳಿದಿರಿ ಅನ್ನೋದು ಕೇಸ್ ಶೀಟಲ್ಲಿರಲಿ. "ರಾತ್ರಿ 10:20, ಮಗನಿಗೆ ವೆಂಟಿಲೇಟರ್ ಅಗತ್ಯ ತಿಳಿಸಲಾಗಿದೆ, ಸಹಿ." ಅಲ್ಲೂ "ಅಟೆಂಡರ್ ಒರಟಾಗಿ ವರ್ತಿಸಿದರು" ಅಂತ ಬರೀಬೇಡಿ. ಆಡಿದ ಮಾತನ್ನ, ಮಾಡಿದ ಕೆಲಸವನ್ನ ಇದ್ದ ಹಾಗೆ ಬರೀರಿ.

ಬಿಲ್ಲಿಂಗ್_ಕಿಟಕಿ

ಖಾಸಗಿ ಆಸ್ಪತ್ರೆಯ ಕೌಂಟರ್ ಬಗ್ಗೆ ಒಂದೇ ಮಾತು. ಬಿಲ್ಲಿನ ಸುದ್ದಿಯೂ ಸಾವಿನ ಸುದ್ದಿಯೂ ಒಂದೇ ಬಾಯಿಂದ, ಒಂದೇ ಹೊತ್ತಿಗೆ ಬರಬಾರದು. 2017ರಲ್ಲಿ ತಿದ್ದುಪಡಿಯಾದ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆ ಪ್ರಕಾರ ಬಾಕಿಗಾಗಿ ಶವ ಹಿಡಿದಿಟ್ಟುಕೊಳ್ಳುವಂತಿಲ್ಲ. ಇದು ಕೌಂಟರ್‌ನಲ್ಲಿ ಕೂರುವ ಹುಡುಗರಿಗೇ ಎಷ್ಟೋ ಕಡೆ ಗೊತ್ತಿರಲ್ಲ.

ತುರ್ತು_ವೈದ್ಯೆ

ಸಾವಿನ ಸುದ್ದಿ ಬಂತು, ಅದನ್ನ ಸ್ವಲ್ಪ ವಿವರವಾಗಿ ಬರೀತೀನಿ. ಅತಿ ದೊಡ್ಡ ಗಲಾಟೆಗಳು ಇಲ್ಲೇ ಆಗೋದು.

ಸಿಪಿಆರ್ ನಡೀತಿರುವಾಗಲೇ ಒಬ್ಬರು ಹೊರಗೆ ಹೋಗಿ ಮೆಟ್ಟಿಲು ಮೆಟ್ಟಿಲಾಗಿ ಹೇಳ್ತಾ ಬರಬೇಕು. "ಹೃದಯ ನಿಂತಿದೆ, ಎದೆ ಒತ್ತಿ ಮತ್ತೆ ಶುರು ಮಾಡೋಕೆ ನೋಡ್ತಿದ್ದೀವಿ." ಐದು ನಿಮಿಷ ಬಿಟ್ಟು: "ಇನ್ನೂ ಬಡಿತ ಬಂದಿಲ್ಲ. ಔಷಧಿ ಕೊಡ್ತಿದ್ದೀವಿ." ನಲವತ್ತು ನಿಮಿಷ ಏನೂ ಹೇಳದೆ ಕೊನೆಗೆ ಬಾಗಿಲು ತೆಗೆದು ಒಂದೇ ಸಲ ಹೇಳಿದರೆ, ಆ ನಲವತ್ತು ನಿಮಿಷ ಒಳಗೆ ಏನು ಮಾಡಿದ್ರೋ ಅನ್ನೋ ಅನುಮಾನವೇ ಉಳಿಯೋದು.

ಹೇಳುವಾಗ ಇಬ್ಬರು ಹೋಗಿ, ಒಬ್ಬರು ಹಿರಿಯರಿರಲಿ. ಕಾರಿಡಾರಲ್ಲಿ ಬೇಡ, ಒಂದು ಕೋಣೆ, ಅದಿಲ್ಲದಿದ್ದರೆ ಪರದೆ. ಅವರು ಕೂತ ಮೇಲೆ ನೀವೂ ಕೂರಿ. ಗೌನ್ ಮೇಲೆ ರಕ್ತ ಇದ್ದರೆ ಬದಲಿಸಿ. ಹತ್ತಿರದ ಬಂಧು ಯಾರು ಅಂತ ಕೇಳಿ, ಅವರ ಕಡೆ ನೋಡಿ ಹೇಳಿ. ಮೊದಲು ಅವರಿ‌ಗೆ ಗೊತ್ತಿರೋದೇನು ಕೇಳಿ. "ಕೆಟ್ಟ ಸುದ್ದಿ ಹೇಳಬೇಕಾಗಿದೆ" ಅಂತ ಒಂದು ಉಸಿರಿನ ಹೊತ್ತು ಬಿಟ್ಟು "ನಿಮ್ಮ ತಂದೆಯವರು ತೀರಿಕೊಂಡರು." "ಕಷ್ಟ ಇದೆ", "ಕೈ ಮೀರಿದೆ", "ರೆಸ್ಪಾನ್ಸ್ ಇಲ್ಲ" ಅಂದರೆ ಇನ್ನೂ ಜೀವ ಇದೆ ಅಂತ ತಿಳ್ಕೊಳ್ತಾರೆ, ಅರ್ಧ ಗಂಟೆ ಬಿಟ್ಟು ಅದೇ ಮೋಸ ಅನ್ನಿಸುತ್ತೆ.

ಆಮೇಲೆ ಸುಮ್ಮನಿರಿ. ಅಳಲಿ, ಎದೆ ಬಡ್ಕೊಳ್ಳಲಿ, "ನೀವೇ ಕೊಂದ್ರಿ" ಅಂತಲೂ ಅನ್ನಬಹುದು. ಆ ಮಾತಿಗೆ ಆ ಹೊತ್ತಿಗೆ ಉತ್ತರ ಇಲ್ಲ. "ನಾವು ಎಲ್ಲಾ ಸರಿಯಾಗೇ ಮಾಡಿದ್ದೀವಿ" ಅಂತ ವಾದಕ್ಕಿಳಿಯಬೇಡಿ. ನೀರು ತರಿಸಿ, ಮುಖ ನೋಡೋಕೆ ಕರ್ಕೊಂಡು ಹೋಗಿ, ಅದಕ್ಕೂ ಮೊದಲು ದೇಹ ಒರೆಸಿ ಬಟ್ಟೆ ಹೊದಿಸಿರಬೇಕು. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸ್) ಆಗಿದ್ದರೆ ಪೋಸ್ಟ್‌ಮಾರ್ಟಂ ವಿಷಯವನ್ನ ಇದಾದ ಮೇಲೆ, ಅದೇ ಮನುಷ್ಯ, ಕೂತು ಹೇಳಬೇಕು. ಅಷ್ಟರಲ್ಲಿ ಪೊಲೀಸಿನವರು ಬಂದು ಮೊದಲು ಹೇಳಿಬಿಟ್ಟರೆ ಇಷ್ಟು ಹೊತ್ತು ಮಾಡಿದ್ದೆಲ್ಲ ನೀರಲ್ಲಿ ಹೋಮ.

ಹುಬ್ಬಳ್ಳಿಮಂದಿ

ಡಾಕ್ಟರೇ, ಭಾಳ ಛೋಲೋ ಬರದೀರಿ. ಇದನ್ನ ಪ್ರತಿ ಆಸ್ಪತ್ರಿಯೊಳಗ ಓದಿಸಬೇಕು.

ಗೇಟ್‌ಪಾಸ್

ಇನ್ನೊಂದು ತೊಡಕು. ಬೇರೆ ರಾಜ್ಯದಿಂದ ಬಂದ ನರ್ಸ್‌ಗಳು, ಸೆಕ್ಯುರಿಟಿಯವರು ಬೆಂಗಳೂರಲ್ಲಿ ಬಹಳ ಇದ್ದಾರೆ. ಕನ್ನಡ ಬರದೇ ಇದ್ದಾಗ ಕೈಸನ್ನೆಯಲ್ಲಿ "ಹೊರಗೆ, ಹೊರಗೆ" ಅಂತಾರೆ. ಹಳ್ಳಿಯಿಂದ ಬಂದವರಿಗೆ ಅದು ಅವಮಾನ.

ರಾತ್ರಿಪಾಳಿ

ಹೌದು, ಅವರಿಗೆ ಬಾಯಿಪಾಠ ಮಾಡಿಸೋ ಹಾಗೆ ಐದಾರು ವಾಕ್ಯ ಯಾರಾದರೂ ಕೊಡಿ. ಚಿಕ್ಕದಾಗಿರಲಿ.

ಆಪ್ತಸಲಹೆ

"ಕೂತ್ಕೊಳ್ಳಿ, ನಾನು ನೋಡ್ತೀನಿ."
"ನೀವು ಅವರಿಗೆ ಏನಾಗಬೇಕು?"
"ಈಗ ನೋವು ಜಾಸ್ತಿ ಆಗಿದೆಯಾ?"
"ಡಾಕ್ಟರ್ ಒಳಗಿದ್ದಾರೆ. ನಾನು ಹೇಳಿ ಬರ್ತೀನಿ."
"ಒಬ್ಬರು ಒಳಗೆ ಬನ್ನಿ, ಉಳಿದವರು ಇಲ್ಲೇ ಇರಿ."
"ನನಗೆ ಕನ್ನಡ ಸ್ವಲ್ಪ ಬರುತ್ತೆ, ಗೊತ್ತಿರೋರನ್ನ ಕರೀತೀನಿ."

ಕೊನೆಯದು ಮರೆಯದೆ ಕಲಿಸಿ, ಮತ್ತೆ ಕರೆದಾಗ ಬರೋಕೆ ಪ್ರತಿ ಶಿಫ್ಟ್‌ನಲ್ಲೂ ಒಬ್ಬರು ಕನ್ನಡದವರ ಹೆಸರು ಡ್ಯೂಟಿ ಬೋರ್ಡ್ ಮೇಲೆ ಇರಲಿ.

ವಾರ್ಡ್_ಇನ್‌ಚಾರ್ಜ್

ಐದನೇ ವಾಕ್ಯ ಹೇಳುವಾಗ ಅಂಗೈ ಮೇಲಕ್ಕಿರಲಿ, ಬೆರಳು ತೋರಿಸೋದು ಬೇಡ. ರಾತ್ರಿಪಾಳಿಯವರೇ, ಪುಟ ಸಿದ್ಧವಾದ ಮೇಲೆ ಇಲ್ಲೇ ಹಾಕಿ. ತರಬೇತಿಯಲ್ಲಿ ಓದಿಸಿ ಬಿಟ್ಟರೆ ಸಾಲದು, ಇಬ್ಬರನ್ನ ನಿಲ್ಲಿಸಿ ಒಬ್ಬರು ಅಟೆಂಡರ್ ಆಗಿ ಕೂಗಬೇಕು, ಇನ್ನೊಬ್ಬರು ಉತ್ತರ ಹೇಳಬೇಕು. ನಂತರ ಪಾತ್ರ ಅದಲು ಬದಲು. ನರ್ಸ್ ಆದವರು ಅಟೆಂಡರ್ ಪಾತ್ರದಲ್ಲಿ ಆ ಬೆಂಚಿನ ಮೇಲೆ ಹತ್ತು ನಿಮಿಷ ಸುಮ್ಮನೆ ಕೂರಲಿ, ಯಾರೂ ಏನೂ ಹೇಳಬೇಡಿ.

ರಾತ್ರಿಪಾಳಿ

ಹಾಕ್ತೀನಿ. ಮೊದಲ ಕರಡು ಭಾನುವಾರದೊಳಗೆ. ಹಾವು ಕಡಿತ, ಎದೆನೋವು, ಜ್ವರದ ಮಗು, ರೆಫರಲ್, ಸಾವು, ಐದು ಸಂದರ್ಭಕ್ಕೆ ಬೇರೆ ಬೇರೆ ವಾಕ್ಯ. ಹೆರಿಗೆ ವಾರ್ಡಿನದು ಬಿಟ್ಟುಹೋಗಿದೆ, ಅಲ್ಲಿನವರು ಯಾರಾದರೂ ಇದ್ದರೆ ಬರೀರಿ. ಲೇಬರ್ ರೂಮಿನ ಬಾಗಿಲಲ್ಲಿ ಅತ್ತೆ ಮತ್ತು ತಾಯಿ ಇಬ್ಬರೂ ನಿಂತಿದ್ದಾಗ ಯಾರಿಗೆ ಮೊದಲು ಹೇಳಬೇಕು?